ಬೆಕ್ಕಿನ ಜೀನೋಮ್ ತೆರೆದು ಕೂತಿದ್ದೇನೆ, ಎಲ್ಲಿಂದ ಓದಲಿ?

ಮೂರುಬಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ಬೆಕ್ಕು ಮೂರು ಬಣ್ಣದ್ದು. ಹೊಟ್ಟೆ ಬಿಳಿ, ಬೆನ್ನ ಮೇಲೆ ಕಪ್ಪು ಮತ್ತು ಕಿತ್ತಳೆ ತೇಪೆ. ಮೂಗಿನ ನಡುವೆ ಗೆರೆ ಎಳೆದ ಹಾಗೆ ಎಡಕ್ಕೆ ಕಪ್ಪು, ಬಲಕ್ಕೆ ಕಿತ್ತಳೆ. ಏಳು ವರ್ಷದಿಂದ ಆ ಗೆರೆಯನ್ನು ನೋಡುತ್ತಲೇ ಇದ್ದೇನೆ. ಕಿತ್ತಳೆ ಬಣ್ಣದ ಜೀನ್ ಸಿಕ್ಕಿತು ಅಂತ 2025ರಲ್ಲಿ ಓದಿದಾಗಿನಿಂದ ಆ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವ ಆಸೆ.

ನಿನ್ನೆ ರಾತ್ರಿ ಸಾರ್ವಜನಿಕ ಜೀನೋಮ್ ಬ್ರೌಸರ್ ಒಂದರಲ್ಲಿ ಬೆಕ್ಕಿನ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ತೆರೆದೆ. ದುಡ್ಡು ಕೇಳಲಿಲ್ಲ, ಲಾಗಿನ್ ಕೇಳಲಿಲ್ಲ. ಆದರೆ ಒಳಗೆ ಹೋದರೆ ಎ, ಸಿ, ಜಿ, ಟಿ ಅನ್ನುವ ಡಿಎನ್‌ಎಯ ನಾಲ್ಕು ಅಕ್ಷರ ಬಿಟ್ಟು ಬೇರೇನೂ ತಿಳಿಯಲಿಲ್ಲ. ಕ್ರೋಮೋಸೋಮ್‌ಗಳಿಗೆ 1, 2, 3 ಅಂತ ಹೆಸರಿರಬೇಕಲ್ವಾ? ಇಲ್ಲಿ ಎ1, ಬಿ4, ಇ3, ಎಫ್2 ಅಂತೆಲ್ಲ ಇದೆ. ನಾನು ಜೀವಶಾಸ್ತ್ರ ಓದಿದವಳಲ್ಲ, ಲೆಕ್ಕಪತ್ರದ ಕೆಲಸ ಮಾಡುವವಳು. ಇದು ಯಾವ ಬೆಕ್ಕಿನ ಜೀನೋಮ್? ಇದರಲ್ಲಿ ನನ್ನ ಬೆಕ್ಕಿನ ಬಣ್ಣವನ್ನು ಹೇಗೆ ಹುಡುಕಲಿ? ಗೊತ್ತಿದ್ದವರು ಸ್ವಲ್ಪ ನಿಧಾನವಾಗಿ ಹೇಳಿ.

ಅಕ್ಷರಸಾಲು:

ಯಾವ ಬೆಕ್ಕಿನದು ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನನ್ನ ದಿನದ ಕೆಲಸವೇ ಪ್ರಾಣಿಗಳ ಜೀನೋಮ್ ಜೋಡಿಸುವುದು. ಆದರೂ ಬೆಕ್ಕಿನದು ಅಂದರೆ ನನಗೆ ಬೇರೆಯೇ ಪ್ರೀತಿ.

ನಿಮ್ಮ ಪರದೆಯ ಮೇಲೆ ಫೆಲ್‌ಕ್ಯಾಟ್9 ಅಂತ ಇದ್ದರೆ, ನೀವು ನೋಡುತ್ತಿರುವುದು ಸಿನಮನ್ ಅನ್ನುವ ಒಂದು ಹೆಣ್ಣು ಬೆಕ್ಕಿನ ಡಿಎನ್‌ಎ. ಅಬಿಸೀನಿಯನ್ ತಳಿ, ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಸಾಕಿದ್ದು. ಅವಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅವಳ ವಂಶದಲ್ಲಿ ಹತ್ತಿರದ ಸಂಬಂಧಗಳು ಜಾಸ್ತಿ. ಹಾಗಾಗಿ ತಾಯಿಯಿಂದ ಬಂದ ಪ್ರತಿಗೂ ತಂದೆಯಿಂದ ಬಂದ ಪ್ರತಿಗೂ ವ್ಯತ್ಯಾಸ ಕಡಿಮೆ, ಜೋಡಿಸುವವರ ಕೆಲಸ ಹಗುರ. ಇನ್ನೊಂದು, ಆ ವಂಶದ ಬೆಕ್ಕುಗಳಿಗೆ ನಿಧಾನವಾಗಿ ಕಣ್ಣು ಹೋಗುವ ರೋಗವಿತ್ತು. ಮನುಷ್ಯರಿಗೆ ಬರುವ ರೆಟಿನಾ ರೋಗಕ್ಕೆ ಅದು ತುಂಬಾ ಹತ್ತಿರ. ಕಾರಣ ಸಿಇಪಿ290 ಅನ್ನುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದು ಅಂತ 2007ರಲ್ಲಿ ಗೊತ್ತಾಯಿತು. ಅದೇ ಜೀನ್ ಕೆಟ್ಟರೆ ಕೆಲವು ಮಕ್ಕಳು ಹುಟ್ಟುವಾಗಲೇ ದೃಷ್ಟಿ ದೋಷದಿಂದ ಹುಟ್ಟುತ್ತಾರೆ.

ಸಿನಮನ್‌ಳ ಜೀನೋಮಿನ ಮೊದಲ ಕರಡು ಬಂದಿದ್ದೂ ಅದೇ ವರ್ಷ. ಸ್ಟೀಫನ್ ಒಬ್ರಿಯನ್ ಅವರ ತಂಡ ಅದನ್ನು ಪ್ರಕಟಿಸಿತು. ಅದರಲ್ಲಿ 20,285 ಜೀನ್‌ಗಳನ್ನು ಗುರುತಿಸಿದ್ದರು. ಆದರೆ ಪ್ರತಿ ಅಕ್ಷರವನ್ನು ಓದಿದ್ದು ಸರಾಸರಿ 1.9 ಸಲ ಮಾತ್ರ. ಒಣಗಿದ ಅಂಗಳಕ್ಕೆ ಮೊದಲ ಹನಿಗಳು ಬೀಳುವುದನ್ನು ನೆನಪಿಸಿಕೊಳ್ಳಿ. ಒಂದು ಕಡೆ ನಾಲ್ಕು ಹನಿ, ಪಕ್ಕದಲ್ಲೇ ಒಣ ನೆಲ. ಸರಾಸರಿ 2 ಅಂದರೂ ಎಷ್ಟೋ ಕಡೆ ಒಂದು ಹನಿಯೂ ಬಿದ್ದಿರುವುದಿಲ್ಲ. ಸಿಕ್ಕಿದ ಚೂರುಗಳನ್ನು ನಾಯಿ, ಮನುಷ್ಯ, ಹಸು, ಇಲಿಗಳ ಜೀನೋಮ್ ಪಕ್ಕದಲ್ಲಿಟ್ಟು ಯಾವ ಚೂರು ಎಲ್ಲಿಗೆ ಸೇರಬೇಕು ಅಂತ ತೀರ್ಮಾನ ಮಾಡಿದರು.

2014ರಲ್ಲಿ ಅದೇ ಬೆಕ್ಕನ್ನು ಇನ್ನಷ್ಟು ಆಳವಾಗಿ ಓದಿದರು. ಆಮೇಲೆ 2020ರಲ್ಲಿ ಉದ್ದುದ್ದ ತುಂಡುಗಳನ್ನು ಒಂದೇ ಓಟದಲ್ಲಿ ಓದುವ ಯಂತ್ರಗಳಿಂದ ಮತ್ತೆ ಓದಿದರು. ಅದೇ ಫೆಲ್‌ಕ್ಯಾಟ್9. ಸುಮಾರು 250 ಕೋಟಿ ಅಕ್ಷರ. ಅದೇ ಸಂಶೋಧನೆಯಲ್ಲಿ 54 ಸಾಕು ಬೆಕ್ಕುಗಳನ್ನೂ ಓದಿ, ಕುಳ್ಳ ಕಾಲಿನ ಬೆಕ್ಕುಗಳಲ್ಲಿ ಯುಜಿಡಿಎಚ್ ಅನ್ನುವ ಜೀನ್ ಮುರಿದಿರುವುದನ್ನು ಕಂಡುಹಿಡಿದರು. ಚೂರುಚೂರಾದ ಹಳೆಯ ಕರಡಿನಲ್ಲಿ ಅಂಥ ದೊಡ್ಡ ಮುರಿತ ಕಣ್ಣಿಗೆ ಬೀಳುವುದೇ ಕಷ್ಟವಿತ್ತು.

ಕ್ರೋಮೋಸೋಮ್ ಹೆಸರಿನ ವಿಷಯ: ಬೆಕ್ಕಿಗೆ 19 ಜೊತೆ, ಒಟ್ಟು 38. ಹಿಂದಿನವರು ಸೂಕ್ಷ್ಮದರ್ಶಕದಲ್ಲಿ ನೋಡಿ ಆಕಾರ, ಗಾತ್ರದ ಮೇಲೆ ಎ ಇಂದ ಎಫ್‌ವರೆಗೆ ಗುಂಪು ಮಾಡಿದ್ದರು. ಆ ಹೆಸರುಗಳೇ ನಿಂತವು.

ಹಳೇಪಾಠ:

ನಿಮ್ಮ ಬೆಕ್ಕಿನ ಮೂಗಿನ ಗೆರೆಗೆ ನಾನು ಉತ್ತರ ಕೊಡುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದವನು, ಈ ಅಧ್ಯಾಯ ಬಂದಾಗಲೆಲ್ಲ ಮೈ ಜುಂ ಅನ್ನುತ್ತಿತ್ತು.

ಕಿತ್ತಳೆಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್. ಮರಿ ಇನ್ನೂ ಹೊಟ್ಟೆಯಲ್ಲಿ ಪುಟ್ಟ ಉಂಡೆಯಾಗಿದ್ದಾಗ ಪ್ರತಿ ಜೀವಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮಲಗಿಸಿಬಿಡುತ್ತದೆ. ಯಾವುದನ್ನು ಅನ್ನುವುದಕ್ಕೆ ಲೆಕ್ಕಾಚಾರವಿಲ್ಲ. ಆ ಕೋಶದ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅದೇ ಎಕ್ಸ್ ಅನ್ನು ಮಲಗಿಸಿಯೇ ಇಟ್ಟುಕೊಳ್ಳುತ್ತವೆ. 1961ರಲ್ಲಿ ಮೇರಿ ಲಯನ್ ಇದನ್ನು ಮೊದಲು ಹೇಳಿದ್ದು. ನಿಮ್ಮ ಬೆಕ್ಕಿನ ಕಪ್ಪು ತೇಪೆಯಲ್ಲಿ ಕಿತ್ತಳೆ ಎಕ್ಸ್ ಮಲಗಿದೆ. ಕಿತ್ತಳೆ ತೇಪೆಯಲ್ಲಿ ಇನ್ನೊಂದು ಮಲಗಿದೆ. ಬಿಳಿ ಮಾತ್ರ ಬೇರೆ ಕತೆ. ಅಲ್ಲಿಗೆ ಬಣ್ಣ ಮಾಡುವ ಕೋಶಗಳೇ ಬಂದು ಸೇರಲಿಲ್ಲ.

ಇದಕ್ಕೆ ನಾನು ಯಾವಾಗಲೂ ಕೊಡುತ್ತಿದ್ದ ಉದಾಹರಣೆ ಸಿಸಿ ಅನ್ನುವ ಬೆಕ್ಕು. 2001ರ ಡಿಸೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು. ಮೂಲ ಬೆಕ್ಕು ರೇನ್‌ಬೋ, ನಿಮ್ಮದರ ಹಾಗೆಯೇ ಮೂರು ಬಣ್ಣದ್ದು. ತದ್ರೂಪಿಯಾದ ಸಿಸಿಯ ಮೈಮೇಲೆ ಕಿತ್ತಳೆ ಅನ್ನುವುದೇ ಇರಲಿಲ್ಲ! ಜೀನೋಮ್ ಅದೇ. ಆದರೆ ಮರಿ ಮಾಡಲು ತೆಗೆದುಕೊಂಡ ಆ ಒಂದು ಕೋಶದಲ್ಲಿ ಕಿತ್ತಳೆ ಎಕ್ಸ್ ಆಗಲೇ ಮಲಗಿತ್ತು, ಮತ್ತೆ ಏಳಲಿಲ್ಲ.

ಮೂರುಬಣ್ಣ:

ಹಳೇಪಾಠ ಸರ್, ನಿಮ್ಮ ಉತ್ತರ ಓದಿ ಬೆಕ್ಕನ್ನು ತೊಡೆ ಮೇಲೆ ಕೂರಿಸಿಕೊಂಡು ಮತ್ತೆ ಆ ಗೆರೆ ನೋಡಿದೆ. ಅಂದರೆ ಅವಳಿನ್ನೂ ಕಣ್ಣಿಗೆ ಕಾಣದಷ್ಟು ಚಿಕ್ಕವಳಿದ್ದಾಗ ಆದ ಆಯ್ಕೆ ಈಗ ಮೂಗಿನ ಮೇಲಿದೆ. ಹಾಗಾದರೆ ಕಿತ್ತಳೆ ಎಕ್ಸ್‌ಗೂ ಇನ್ನೊಂದು ಎಕ್ಸ್‌ಗೂ ನಿಜವಾದ ವ್ಯತ್ಯಾಸ ಎಲ್ಲಿದೆ?

ಅಕ್ಷರಸಾಲು:

ಒಂದು ತುಂಡು ಕಾಣೆಯಾಗಿದೆ, ಅಷ್ಟೇ. ಸುಮಾರು 5,100 ಅಕ್ಷರ. ಎಕ್ಸ್ ಮೇಲಿರುವ ಎಆರ್‌ಎಚ್‌ಗ್ಯಾಪ್36 ಅನ್ನುವ ಜೀನ್‌ನಲ್ಲಿ. ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಹಿರೋಯುಕಿ ಸಸಾಕಿ ಅವರ ತಂಡ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡಿನ ಗ್ರೆಗ್ ಬಾರ್ಶ್, ಕ್ರಿಸ್ಟಫರ್ ಕೇಲಿನ್ ಅವರ ತಂಡ ಬೇರೆ ಬೇರೆಯಾಗಿ ಹುಡುಕುತ್ತಾ ಹೋಗಿ ಒಂದೇ ಜಾಗದಲ್ಲಿ ಬಂದು ನಿಂತವು. ಎರಡೂ 2025ರ ಮೇ ತಿಂಗಳಲ್ಲಿ ಪ್ರಕಟವಾದವು.

ನನಗೆ ಇದರಲ್ಲಿ ಅತಿ ಇಷ್ಟದ ವಿಷಯ ಒಂದಿದೆ. ತುಂಡು ಹೋಗಿದೆ ಅಂದ ಕೂಡಲೇ ಜೀನ್ ಕೆಟ್ಟಿತು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಹೋಗಿರುವ ತುಂಡು ಪ್ರೋಟೀನ್ ಬರೆಯುವ ಭಾಗದ್ದಲ್ಲ, ನಡುವಿನ ಖಾಲಿ ಭಾಗದ್ದು. ಅದು ಇದ್ದಾಗ ಬಣ್ಣ ಮಾಡುವ ಕೋಶಗಳಲ್ಲಿ ಈ ಜೀನ್ ಸುಮ್ಮನಿರುತ್ತಿತ್ತು. ಅದು ಹೋದ ಮೇಲೆ ಅಲ್ಲೂ ಕೆಲಸ ಶುರು ಮಾಡಿತು. ಕಪ್ಪು ಬಣ್ಣ ಮಾಡು ಅನ್ನುವ ಸಂದೇಶವನ್ನು ಅದು ದಾರಿಯಲ್ಲೇ ತಡೆಯುತ್ತದೆ. ಆಗ ಕೋಶ ಕೆಂಪು ಹಳದಿ ಬಣ್ಣ ಮಾಡುತ್ತದೆ.

ಇದನ್ನು ನೋಡಲು ಸಿನಮನ್ ಒಬ್ಬಳ ಜೀನೋಮ್ ಸಾಲದು. ಬೇರೆ ಬೆಕ್ಕುಗಳನ್ನು ಓದಿ ಬಂದ ಸಣ್ಣ ಸಣ್ಣ ತುಣುಕುಗಳನ್ನು, ನಾವು ರೀಡ್ ಅನ್ನುತ್ತೇವೆ, ಸಿನಮನ್ ಮೇಲೆ ಹಾಸಬೇಕು. ಇಟ್ಟಿಗೆ ಸಾಲುಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ಯಾವ ಜಾಗದಲ್ಲಿ ಎಷ್ಟು ಎತ್ತರ ಅನ್ನುವುದೇ ಕವರೇಜ್. ಕಿತ್ತಳೆ ಗಂಡು ಬೆಕ್ಕಿನಲ್ಲಿ ಈ 5,100 ಅಕ್ಷರದ ಮೇಲೆ ಒಂದು ಇಟ್ಟಿಗೆಯೂ ಕೂರಬಾರದು, ಏಕೆಂದರೆ ಅದಕ್ಕೆ ಇರುವುದು ಒಂದೇ ಎಕ್ಸ್. ನಿಮ್ಮ ಬೆಕ್ಕಿನಲ್ಲಿ ಅರ್ಧ ಎತ್ತರ ಇರುತ್ತದೆ.

ಒಂದು ಕೆಲಸ ಮಾಡುತ್ತೇನೆ. ಮಿಸೌರಿಯ ಲೆಸ್ಲಿ ಲಯನ್ಸ್ ಅವರ 99 ಲೈವ್ಸ್ ಯೋಜನೆಯ ಎಷ್ಟೋ ಬೆಕ್ಕುಗಳ ರೀಡ್‌ಗಳು ಸಾರ್ವಜನಿಕವಾಗಿವೆ. ಐದು ಗಂಡು ಬೆಕ್ಕುಗಳ ರೀಡ್‌ಗಳನ್ನು ಜೋಡಿಸಿ, ಎಕ್ಸ್‌ನ ಆ ಭಾಗವನ್ನಷ್ಟೇ ಕತ್ತರಿಸಿ ಕೊಡುತ್ತೇನೆ. ಪೂರ್ತಿ ಫೈಲ್ ನಿಮ್ಮ ಕಂಪ್ಯೂಟರ್ ತಡೆಯುವುದಿಲ್ಲ. ವಾರಾಂತ್ಯದವರೆಗೆ ಸಮಯ ಕೊಡಿ.

ಕಿಟಕಿಬೆಕ್ಕು:

ಅಷ್ಟೆಲ್ಲ ಕಷ್ಟ ಯಾಕೆ, ಬಾಯಿಯ ಒಳಗೆ ಹತ್ತಿ ಕಡ್ಡಿ ಆಡಿಸಿ ಕಳಿಸಿದರೆ ವರದಿ ಕೊಡುವವರು ಇದ್ದಾರಲ್ಲ? ಅಂತ ನಾನೂ ಅಂದುಕೊಂಡಿದ್ದೆ. ನನ್ನ ಅನುಭವ ಹೇಳುತ್ತೇನೆ. ನನ್ನ ಬೂದು ಗಂಡು ಬೆಕ್ಕಿನ ಮಾದರಿ ಕಳಿಸಿದೆ. ವರದಿಯಲ್ಲಿ ಹೆಣ್ಣು ಅಂತ ಬಂತು. ಕೇಳಿದ್ದಕ್ಕೆ, ಕೆಲವು ಗಂಡು ಬೆಕ್ಕುಗಳಿಗೆ ಎರಡು ಎಕ್ಸ್ ಮತ್ತು ಒಂದು ವೈ ಇರುತ್ತದೆ, ಹಾಗೇನಾದರೂ ಇರಬಹುದು ಅಂದರು. ಎರಡು ದಿನ ನಿದ್ದೆ ಬರಲಿಲ್ಲ. ಕೊನೆಗೆ ಕಚ್ಚಾ ಫೈಲ್ ಕೊಡಿ ಅಂತ ಹಟ ಹಿಡಿದು ತರಿಸಿಕೊಂಡೆ. ಸ್ನೇಹಿತರೊಬ್ಬರು ನೋಡಿ ಐದೇ ನಿಮಿಷದಲ್ಲಿ ಹೇಳಿದರು: ಎಕ್ಸ್ ಮೇಲಿನ ಕವರೇಜ್ ಉಳಿದ ಕ್ರೋಮೋಸೋಮ್‌ಗಳಷ್ಟೇ ಇದೆ, ವೈ ಮೇಲೆ ಏನೂ ಇಲ್ಲ, ಇದು ಸರಳವಾಗಿ ಬೇರೆ ಯಾವುದೋ ಹೆಣ್ಣು ಬೆಕ್ಕು. ಚೀಟಿ ಅದಲುಬದಲಾಗಿತ್ತು. ಅವರು ಒಪ್ಪಿಕೊಂಡು ಮತ್ತೆ ಮಾಡಿಕೊಟ್ಟರು. ಆದರೆ ಕಚ್ಚಾ ಫೈಲ್ ಕೇಳದೇ ಇದ್ದಿದ್ದರೆ ಬೇರೆ ಬೆಕ್ಕಿನ ರೋಗದ ಪಟ್ಟಿಯನ್ನು ನನ್ನ ಬೆಕ್ಕಿನದು ಅಂದುಕೊಂಡು ಬದುಕುತ್ತಿದ್ದೆ. ಮೂರುಬಣ್ಣ ಅವರೇ, ಎಲ್ಲಿಗಾದರೂ ಮಾದರಿ ಕಳಿಸಿದರೆ ಕಚ್ಚಾ ಫೈಲ್ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಇನ್ನೊಂದು, ವರದಿಯಲ್ಲಿ ಪರ್ಶಿಯನ್ ಇಷ್ಟು, ಸಯಾಮೀಸ್ ಇಷ್ಟು ಅಂತೆಲ್ಲ ಬಂದಿದೆ. ಅದನ್ನು ಎಷ್ಟು ನಂಬಬಹುದು?

ಅಕ್ಷರಸಾಲು:

ತಳಿಯ ಪಟ್ಟಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬೆಕ್ಕಿನ ತಳಿಗಳಲ್ಲಿ ಹೆಚ್ಚಿನವು ಈಚಿನವು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಆ ಹೆಸರಾಂತ ಬೆಕ್ಕಿನ ಪ್ರದರ್ಶನ ನಡೆದದ್ದೇ 1871ರಲ್ಲಿ. ಬೀದಿ ಬೆಕ್ಕುಗಳು ತಳಿಗಳಿಂದ ಬಂದವಲ್ಲ, ತಳಿಗಳು ಬೀದಿ ಬೆಕ್ಕುಗಳಿಂದ ಬಂದವು. ಹೀಗಿರುವಾಗ ನಿಮ್ಮ ಬೂದು ಬೆಕ್ಕಿಗೂ ಪರ್ಶಿಯನ್ನಿಗೂ ಸ್ವಲ್ಪ ಹೋಲಿಕೆ ಕಂಡರೆ ಪರ್ಶಿಯನ್ ಅಜ್ಜಿ ಇದ್ದಳು ಅಂತಲ್ಲ, ಇಬ್ಬರಿಗೂ ಹಿಂದೆ ಒಂದೇ ಮೂಲವಿತ್ತು ಅಂತ. ಪರ್ಶಿಯನ್ ಅನ್ನುವ ಹೆಸರೂ ಅಷ್ಟೇ. ಡಿಎನ್‌ಎ ಹೋಲಿಸಿ ನೋಡಿದಾಗ ಇಂದಿನ ಪರ್ಶಿಯನ್ ಬೆಕ್ಕುಗಳು ಪಶ್ಚಿಮ ಯುರೋಪಿನ ಸಾಮಾನ್ಯ ಬೆಕ್ಕುಗಳ ಗುಂಪಿನಲ್ಲಿ ಕೂತವು.

ಇನ್ನೂ ಹಿಂದಕ್ಕೆ ಹೋದರೆ ಎಲ್ಲವೂ ಒಂದೇ ಕಾಡುಬೆಕ್ಕಿನ ಮಕ್ಕಳು. 2007ರಲ್ಲಿ ಕಾರ್ಲೋಸ್ ಡ್ರಿಸ್ಕಲ್ ಮತ್ತು ಜೊತೆಗಾರರು 979 ಬೆಕ್ಕುಗಳನ್ನು ಹೋಲಿಸಿ ಫೆಲಿಸ್ ಲಿಬಿಕಾ ಅನ್ನುವ ಕಾಡುಬೆಕ್ಕಿನ ಕಡೆಗೆ ಬೆರಳು ತೋರಿಸಿದರು.

ಗೊರಗೊರ:

ನಾನು ಪಶುವೈದ್ಯೆ. ಬಣ್ಣದ ಚರ್ಚೆ ಚೆನ್ನಾಗಿದೆ, ಆದರೆ ನನ್ನ ಮೇಜಿನ ಮುಂದೆ ಬರುವುದು ರೋಗದ ವರದಿಗಳು. ಅದರ ಬಗ್ಗೆ ಎರಡು ಮಾತು ಹೇಳಲೇಬೇಕು.

ಜೀನ್ ಪರೀಕ್ಷೆ ನಿಜಕ್ಕೂ ಉಪಕಾರ ಮಾಡಿದ್ದು ಪರ್ಶಿಯನ್ ಬೆಕ್ಕುಗಳ ಮೂತ್ರಪಿಂಡದ ರೋಗದಲ್ಲಿ. ಮೂತ್ರಪಿಂಡದ ತುಂಬಾ ನೀರಿನ ಗುಳ್ಳೆಗಳು ಬೆಳೆಯುತ್ತವೆ. ಪಿಕೆಡಿ1 ಅನ್ನುವ ಜೀನ್‌ನಲ್ಲಿ ಒಂದು ಸಿ ಅಕ್ಷರ ಎ ಆಗಿ, ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ. ಇದನ್ನು ಲಯನ್ಸ್ ಅವರ ತಂಡ 2004ರಲ್ಲಿ ಕಂಡುಹಿಡಿಯಿತು. ಆಗ ಪರ್ಶಿಯನ್‌ಗಳಲ್ಲಿ ಸುಮಾರು 38% ಬೆಕ್ಕುಗಳಿಗೆ ಈ ರೋಗವಿತ್ತು ಅನ್ನುವ ಅಂದಾಜಿತ್ತು. ಒಂದೇ ಕೆಟ್ಟ ಪ್ರತಿ ಇದ್ದರೂ ರೋಗ ಬರುತ್ತದೆ. ಹಾಗಾಗಿ ಪರೀಕ್ಷೆ ಮಾಡಿ, ಪಾಸಿಟಿವ್ ಬಂದ ಬೆಕ್ಕಿನಿಂದ ಮರಿ ಹಾಕಿಸದೇ ಇದ್ದರೆ ರೋಗ ಮುಂದಿನ ತಲೆಮಾರಿಗೆ ಹೋಗುವುದಿಲ್ಲ. ಇಷ್ಟು ನೇರವಾದ ಉತ್ತರ ವೈದ್ಯರಿಗೆ ಸಿಗುವುದು ಅಪರೂಪ.

ಹೃದಯದ ರೋಗ ಹಾಗಲ್ಲ. ಮೇನ್ ಕೂನ್ ತಳಿಯಲ್ಲಿ ಎಂವೈಬಿಪಿಸಿ3 ಜೀನ್‌ನ ಬದಲಾವಣೆ 2005ರಲ್ಲಿ ಸಿಕ್ಕಿತು. ಆದರೆ ಒಂದು ಪ್ರತಿ ಇರುವ ಎಷ್ಟೋ ಬೆಕ್ಕುಗಳು ಆರಾಮಾಗಿ ಮುದುಕರಾಗುತ್ತವೆ. ಬದಲಾವಣೆ ಇಲ್ಲದ ಬೆಕ್ಕಿಗೂ ಹೃದಯದ ಗೋಡೆ ದಪ್ಪವಾಗುತ್ತದೆ. ವರದಿ ಹಿಡಿದುಕೊಂಡು ಅಳುತ್ತಾ ಬಂದವರನ್ನು ನೋಡಿದ್ದೇನೆ. ಅವರಿಗೆ ಹೇಳುವುದು ಒಂದೇ: ಮೊದಲು ಎಕೋ ಮಾಡಿಸೋಣ, ಹೃದಯ ಈಗ ಹೇಗಿದೆ ಅಂತ ನೋಡೋಣ. ಮರಿಗಳ ಮಾದರಿ ತೆಗೆಯುವಾಗ ಇನ್ನೊಂದು ಎಚ್ಚರ ಬೇಕು. ಹಾಲು ಕುಡಿದ ಕೂಡಲೇ ಕಡ್ಡಿ ಆಡಿಸಿದರೆ ತಾಯಿಯ ಕೋಶಗಳೂ ಅದರಲ್ಲಿ ಸೇರುತ್ತವೆ. ಮರಿಯನ್ನು ಸ್ವಲ್ಪ ಹೊತ್ತು ಬೇರೆ ಇಟ್ಟು ಆಮೇಲೆ ತೆಗೆಯಿರಿ.

ಎಳೆಎಳೆ:

ನಾನು ವಿದ್ಯಾರ್ಥಿ, ಬೆಕ್ಕಿನ ಮೈಟೋಕಾಂಡ್ರಿಯಾ ಡಿಎನ್‌ಎ ಮೇಲೆ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಪುಟ್ಟ ಭಾಗಗಳಿಗೇ ಇರುವ ಬೇರೆ ಡಿಎನ್‌ಎ ಮೇಲೆ, ಸಣ್ಣ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಈ ಚರ್ಚೆಯಲ್ಲಿ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಒಂದೇ ಬೆಕ್ಕಿನಲ್ಲಿ ಎರಡು ಬಗೆಯ ಮೈಟೋಕಾಂಡ್ರಿಯಾ ಡಿಎನ್‌ಎ ಇದ್ದ ಹಾಗೆ ಕಾಣುತ್ತಿದೆ. ಕೆಲವು ಜಾಗದಲ್ಲಿ ಎ ಅಂತಲೂ ಇದೆ, ಜಿ ಅಂತಲೂ ಇದೆ. ಹೊಸದೇನೋ ಸಿಕ್ಕಿತು ಅಂತ ಖುಷಿಯಾಗಿದೆ, ಭಯವೂ ಇದೆ.

ಅಕ್ಷರಸಾಲು:

ಒಳ್ಳೆ ಕೆಲಸ ಮಾಡಿದಿರಿ, ಬರೆಯುವ ಮೊದಲು ಕೇಳಿದಿರಿ. ಎರಡು ಬಗೆ ಕಾಣುವ ಜಾಗಗಳೆಲ್ಲ ಒಂದೇ ಕಡೆ, ಸುಮಾರು 7,900 ಅಕ್ಷರದ ಉದ್ದದೊಳಗೆ ಇವೆಯಾ ನೋಡಿ. ಇದ್ದರೆ ಅದು ಮೈಟೋಕಾಂಡ್ರಿಯಾದ್ದಲ್ಲ.

ಬೆಕ್ಕಿನ ಪೂರ್ವಜರಲ್ಲಿ ಯಾವಾಗಲೋ ಮೈಟೋಕಾಂಡ್ರಿಯಾದ ಹೆಚ್ಚುಕಡಿಮೆ ಅರ್ಧ ಭಾಗ ನಕಲಾಗಿ, ಜೀವಕೋಶದ ಕೇಂದ್ರದೊಳಗೆ ಡಿ2 ಕ್ರೋಮೋಸೋಮಿಗೆ ಹೋಗಿ ಸೇರಿಕೊಂಡಿದೆ. ಸೇರಿದ್ದಷ್ಟೇ ಅಲ್ಲ, ಒಂದರ ಹಿಂದೊಂದು ಪೋಣಿಸಿದ ಹಾಗೆ 38ರಿಂದ 76 ಪ್ರತಿಗಳಾಗಿ ಕೂತಿದೆ. ಲೋಪೆಜ್, ಒಬ್ರಿಯನ್ ಮತ್ತು ಜೊತೆಗಾರರು 1994ರಲ್ಲಿ ಇದನ್ನು ಬೆಕ್ಕಿನಲ್ಲಿ ಕಂಡು ನ್ಯೂಮ್ಟ್ ಅನ್ನುವ ಹೆಸರಿಟ್ಟರು. ಈಗ ಎಲ್ಲ ಪ್ರಾಣಿಗಳಲ್ಲಿ ಸಿಗುವ ಇಂಥ ತುಂಡುಗಳಿಗೂ ಅದೇ ಹೆಸರು. ಅಂದರೆ ಈ ಮಾತು ಹುಟ್ಟಿದ್ದೇ ಬೆಕ್ಕಿನಿಂದ. ನಿಮ್ಮ ರೀಡ್‌ಗಳಲ್ಲಿ ಕೆಲವು ಡಿ2ರಿಂದ ಬಂದು ಮೈಟೋಕಾಂಡ್ರಿಯಾದ ಮೇಲೆ ತಪ್ಪಾಗಿ ಕೂತಿವೆ. ಇಡೀ ಮೈಟೋಕಾಂಡ್ರಿಯಾವನ್ನು ಒಂದೇ ಉದ್ದ ತುಂಡಾಗಿ ನಕಲು ಮಾಡಿ ಹೆಚ್ಚಿಸಿಕೊಂಡು ಆಮೇಲೆ ಓದಿ, ಈ ಎರಡು ಬಗೆ ಮಾಯವಾಗಬೇಕು.

ಎಳೆಎಳೆ:

ನೋಡಿದೆ. ಎಲ್ಲವೂ ಆ ಉದ್ದದೊಳಗೇ ಇವೆ. ಒಂದೂ ಹೊರಗಿಲ್ಲ. ಹೊಸದಲ್ಲ ಅಂತ ಬೇಜಾರಾಯಿತು, ಆದರೆ ಡಿ2ರ ಈ ಕತೆ ನನಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್.

ಹಳೇಪಾಠ:

ನನಗೂ ಒಂದು ಕೇಳಬೇಕಿತ್ತು. ಬೆಕ್ಕಿಗೆ ಸಿಹಿ ರುಚಿ ತಿಳಿಯುವುದಿಲ್ಲ ಅಂತ ಪಾಠ ಮಾಡುತ್ತಿದ್ದೆ. ಅದನ್ನೂ ಜೀನೋಮಿನಲ್ಲಿ ನೋಡಬಹುದಾ?

ಅಕ್ಷರಸಾಲು:

ನೋಡಬಹುದು, ಅದಕ್ಕೆ ಬೇರೆ ಬೆಕ್ಕುಗಳ ರೀಡ್ ಕೂಡ ಬೇಡ, ಸಿನಮನ್ ಒಬ್ಬಳೇ ಸಾಕು. ಬ್ರೌಸರಿನಲ್ಲಿ ಟ್ಯಾಸ್1ಆರ್2 ಅಂತ ಹುಡುಕಿ, ನಾಯಿಯ ಜೊತೆ ಹೋಲಿಸುವ ಸಾಲನ್ನು ಆನ್ ಮಾಡಿ. ಜೀನ್‌ನ ಮೂರನೇ ಭಾಗಕ್ಕೆ ಬಂದಾಗ ನಾಯಿಯಲ್ಲಿ ಇರುವ 247 ಅಕ್ಷರ ಬೆಕ್ಕಿನಲ್ಲಿ ಇಲ್ಲ. ಆಮೇಲಿನ ಭಾಗಗಳಲ್ಲಿ ಇಲ್ಲಿಗೆ ನಿಲ್ಲಿಸು ಅನ್ನುವ ಗುರುತುಗಳು ಬಂದಿವೆ. ಸಿಹಿ ಹಿಡಿಯುವ ಗ್ರಾಹಕಕ್ಕೆ ಎರಡು ಅರ್ಧ ಬೇಕು, ಅದರಲ್ಲಿ ಒಂದು ಅರ್ಧ ತಯಾರಾಗುವುದೇ ಇಲ್ಲ. ರುಚಿ, ವಾಸನೆಗಳ ಸಂಶೋಧನೆ ಮಾಡುವ ಅಮೆರಿಕದ ಮೊನೆಲ್ ಸಂಸ್ಥೆಯವರು 2005ರಲ್ಲಿ ಇದನ್ನು ತೋರಿಸಿದಾಗ ಹುಲಿಯಲ್ಲೂ ಚೀತಾದಲ್ಲೂ ಅದೇ ತುಂಡು ಕಾಣೆಯಾಗಿತ್ತು.

ಮೂರುಬಣ್ಣ ಅವರೇ, ಐದು ಫೈಲ್ ಕಳಿಸಿದ್ದೇನೆ. ಬಣ್ಣದ ಮಾಹಿತಿ ನಾನೂ ನೋಡಿಲ್ಲ.

ಮೂರುಬಣ್ಣ:

ಸಿಕ್ಕಿತು!

ಮೊದಲ ಮೂರು ಬೆಕ್ಕುಗಳಲ್ಲಿ ಏನೂ ವಿಶೇಷವಿಲ್ಲ, ಇಟ್ಟಿಗೆ ಸಾಲು ಒಂದೇ ಸಮ ಹೋಗುತ್ತದೆ. ಹದಿನೈದೋ ಇಪ್ಪತ್ತೋ ಎತ್ತರ. ನಾಲ್ಕನೆಯದನ್ನು ತೆರೆದು ಬಲಕ್ಕೆ ಸರಿಸುತ್ತಾ ಹೋದೆ. ಒಂದು ಕಡೆ ಗೋಡೆ ಕತ್ತರಿಸಿದ ಹಾಗೆ ಒಮ್ಮೆಲೇ ಸೊನ್ನೆ. ಬಿಳಿ ಪರದೆ ಬಿಟ್ಟು ಏನೂ ಇಲ್ಲ. ಸರಿಸಿದೆ, ಸರಿಸಿದೆ, ಆಮೇಲೆ ಅಷ್ಟೇ ನೇರವಾಗಿ ಗೋಡೆ ಮತ್ತೆ ಎದ್ದಿತು. ಎರಡು ಅಂಚಿನ ನಡುವೆ ಎಣಿಸಿದರೆ 5,000ಕ್ಕಿಂತ ಸ್ವಲ್ಪ ಜಾಸ್ತಿ. ಅಂಚಿನಲ್ಲಿ ಕೆಲವು ರೀಡ್‌ಗಳ ಒಂದು ತುದಿ ಈ ದಡದಲ್ಲಿದೆ, ಜೊತೆಗಾರ ತುದಿ ಆ ದಡದಲ್ಲಿದೆ. ನಡುವೆ ಉದ್ದ ಗೆರೆ. ಐದನೆಯದು ಮತ್ತೆ ಮಾಮೂಲಿ.

ಆ ನಾಲ್ಕನೇ ಬೆಕ್ಕಿನ ಫೋಟೋ ನಾನು ನೋಡಿಲ್ಲ, ಹೆಸರೂ ಗೊತ್ತಿಲ್ಲ. ಆದರೂ ಅದು ಕಿತ್ತಳೆ ಬೆಕ್ಕು ಅಂತ ನನಗೆ ಗೊತ್ತು. ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತಿದ್ದೆ.

ಗೊರಗೊರ:

ಓದಿ ನನಗೂ ಖುಷಿಯಾಯಿತು. ಆದರೆ ಒಂದು ಸಾಧ್ಯತೆ ಬಿಡಬೇಡಿ. ಅದು ಪೂರ್ತಿ ಬಿಳಿ ಬೆಕ್ಕಾಗಿದ್ದರೆ? ಬಿಳಿ ಬೆಕ್ಕು ತನ್ನೊಳಗೆ ಕಿತ್ತಳೆ ಇಟ್ಟುಕೊಂಡಿದ್ದರೂ ಹೊರಗೆ ತೋರಿಸುವುದಿಲ್ಲ.

ಅಕ್ಷರಸಾಲು:

ಸರಿಯಾದ ಮಾತು. ಅದನ್ನೂ ನೋಡಬಹುದು. ಬಿ1 ಕ್ರೋಮೋಸೋಮಿನಲ್ಲಿ ಕಿಟ್ ಅನ್ನುವ ಜೀನ್ ಇದೆ. ಅದರ ಮೊದಲ ಖಾಲಿ ಭಾಗಕ್ಕೆ ಹಳೆಯ ವೈರಸ್ ಒಂದರ ತುಂಡು ಬಂದು ಸೇರಿದೆ. ಪೂರ್ತಿ ವೈರಸ್, ಅಂದರೆ 7,000 ಅಕ್ಷರ ದಾಟಿದ ತುಂಡು ಇದ್ದರೆ ಮೈಮೇಲೆ ಬಿಳಿ ತೇಪೆ ಬರುತ್ತದೆ, ನಿಮ್ಮ ಬೆಕ್ಕಿನ ಹೊಟ್ಟೆಯ ಹಾಗೆ. ಅದರ ತುದಿಯ ಸಣ್ಣ ಚೂರು ಮಾತ್ರ ಉಳಿದಿದ್ದರೆ ಇಡೀ ಬೆಕ್ಕು ಬಿಳಿ. ಇಲ್ಲಿ ಖಾಲಿ ಜಾಗ ಹುಡುಕಬೇಡಿ, ಇದು ಸೇರಿದ್ದು, ಹೋಗಿದ್ದಲ್ಲ. ಒಂದೇ ಅಕ್ಷರದ ಹತ್ತಿರ ಬಹಳಷ್ಟು ರೀಡ್‌ಗಳು ಅರ್ಧಕ್ಕೆ ತುಂಡಾದ ಹಾಗೆ ಕಾಣುತ್ತವಾ ನೋಡಿ. ನಾಲ್ಕನೇ ಬೆಕ್ಕಿನ ಬಿ1 ತುಂಡನ್ನು ಈಗಲೇ ಕತ್ತರಿಸಿ ಕಳಿಸುತ್ತೇನೆ.

ಮೂರುಬಣ್ಣ:

ಫೈಲ್ ಬಂತು. ತೆರೆಯುತ್ತಿದ್ದೇನೆ.